ಬಾಡಿಗೆ ಮನೆ ಕಟ್ಟಿಸಿದ ವರ್ಷ

ತಾರಸಿ ಹಾಕುವ ಹಿಂದಿನ ದಿನ ಸಂಜೆ ಗುಡುಗಿ ಮಳೆ ಹೊಡೆಯಿತು. ಮೇ ತಿಂಗಳ ಕೊನೆ. ಮುಂಗಾರು ಹಿಡಿಯಿತೆಂದರೆ ಕಾಂಕ್ರೀಟಿನ ಕೆಲಸವನ್ನು ನೆಚ್ಚುವ ಹಾಗಿಲ್ಲ. ಬ್ಯಾಂಕಿನವರು ಸಾಲದ ಎರಡನೇ ಕಂತು ಬಿಡುವುದು ತಾರಸಿ ಆಗಿದೆ ಎಂದು ಎಂಜಿನಿಯರ್ ಬರೆದುಕೊಟ್ಟ ಮೇಲೆಯೇ. ಬೆಳಿಗ್ಗೆ ಸೈಟಿಗೆ ಹೋದಾಗ ತಗ್ಗಿಗೆ ಮಣ್ಣು ತುಂಬಿದ್ದ ಮುಂಭಾಗದಲ್ಲಿ ಚಪ್ಪಲಿ ಹೂತುಕೊಳ್ಳುತ್ತಿತ್ತು.

"ನೆಲ ಮೆತ್ತಗಾಗಿದೆಯಲ್ಲ ಮೇಸ್ತ್ರಿ, ಎರಡು ದಿನ ಬಿಟ್ಟು ಹಾಕಿದ್ರೆ ಆಗಲ್ವಾ?" ಎಂದು ಕೇಳಿದೆ.

"ಮಿಕ್ಸರ್ ಬಂದು ನಿಂತಿದೆ ಮೇಡಂ. ಆಳು ಬಂದಾಗಿದೆ. ಎರಡು ದಿನ ಬಿಟ್ರೆ ಇಷ್ಟು ಜನ ನಂಗೆ ಸಿಗ್ತಾರಾ?" ಎಂದ.

ತಾರಸಿಯ ಹಲಗೆಗೆ ಕೊಟ್ಟಿದ್ದ ನೀಲಗಿರಿ ಕಂಬಗಳನ್ನು ಒಂದೊಂದಾಗಿ ಅಲ್ಲಾಡಿಸಿ ತೋರಿಸಿದ. ಯಾವುದೂ ಅಲ್ಲಾಡಲಿಲ್ಲ. ಕೆಲಸ ಶುರುವಾಯಿತು.

ಆ ಸೈಟಿನಲ್ಲಿ ನಾಲ್ಕು ಸಣ್ಣ ಬಾಡಿಗೆ ಮನೆಗಳು ಏಳಬೇಕೆಂಬುದು ನನ್ನ ಮತ್ತು ಯಜಮಾನರ ಲೆಕ್ಕ. ಕೆಳಗೆ ಒಂದರ ಹಿಂದೊಂದು ಎರಡು, ಕೈಯಲ್ಲಿ ಕಾಸು ಉಳಿದರೆ ಮೇಲೆ ಎರಡು. ನಾನು ಚಿಕ್ಕಮಗಳೂರಿನ ಒಂದು ಕಾಫಿ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಲೆಕ್ಕ ಬರೆಯುತ್ತಿದ್ದೆ. ಬೀಜ ಆರಿಸುವ ಹೆಂಗಸರ ಹಾಜರಿ, ಕೂಲಿ, ಪಿ.ಎಫ್. ಎಲ್ಲವೂ ನನ್ನ ಮೇಜಿನ ಕೆಲಸ. ಯಜಮಾನರದು ಟೈಪಿಂಗ್ ಇನ್‌ಸ್ಟಿಟ್ಯೂಟ್. ಕಂಪ್ಯೂಟರ್ ಬಂದ ಮೇಲೆ ಅಲ್ಲಿ ಮೆಷಿನ್‌ಗಳಿಗಿಂತ ವಿದ್ಯಾರ್ಥಿಗಳು ಕಡಿಮೆಯಾಗಿದ್ದರು. ಕಾಫಿಗೆ ಒಳ್ಳೆ ದರವಿದ್ದ ಕಾಲದಲ್ಲಿ ಊರಿನಲ್ಲಿ ಎಲ್ಲೆಂದರಲ್ಲಿ ಮನೆಗಳು ಎದ್ದವು. ಕಾಲೇಜಿನ ಮೇಷ್ಟ್ರುಗಳು, ನರ್ಸುಗಳು ಬಾಡಿಗೆ ಮನೆಗಾಗಿ ಅಲೆಯುತ್ತಿದ್ದರು. ಬಾಡಿಗೆಯೇ ಸಾಲ ತೀರಿಸುತ್ತದೆ ಎಂದುಕೊಂಡು ಪಿ.ಎಫ್. ಹಣ ತೆಗೆದು ಸೈಟು ಕೊಂಡೆವು. ಬ್ಯಾಂಕಿನ ಅರ್ಜಿಯಲ್ಲಿಯೂ ಹಾಗೆಯೇ ಬರೆದೆವು: ಕಟ್ಟಡದ ಉದ್ದೇಶ, ಬಾಡಿಗೆಗೆ ಕೊಡುವುದು. ತಳಪಾಯ ಹಾಕುವ ಹೊತ್ತಿಗೆ ಕಾಫಿಯ ದರ ಬೀಳತೊಡಗಿತ್ತು. ಅದು ಇನ್ನೂ ಎಷ್ಟು ಬೀಳುತ್ತದೆಂದು ಆಗ ಯಾರಿಗೂ ಗೊತ್ತಿರಲಿಲ್ಲ.

ಕಾಂಕ್ರೀಟನ್ನು ಹಿಂದಿನ ಮನೆಯ ಮೇಲಿನಿಂದ ಹಾಕುತ್ತ ಮುಂದಕ್ಕೆ ಬಂದರು. ಏಣಿಯ ಮೇಲೆ ಸಾಲಾಗಿ ನಿಂತ ಆಳುಗಳ ಕೈಯಿಂದ ಕೈಗೆ ಬಾಣಲೆಗಳು ಹತ್ತುತ್ತಿದ್ದವು. ಮಧ್ಯಾಹ್ನದ ಊಟ ಮುಗಿದು ಮುಂದಿನ ಮನೆಯ ಮೂಲೆ ಮಾತ್ರ ಉಳಿದಿತ್ತು. ಯಜಮಾನರನ್ನು ಸೈಟಿನಲ್ಲಿ ಬಿಟ್ಟು ನಾನು ಆಳುಗಳ ಚಹಾಕ್ಕೆಂದು ಹಾಲು ತರಲು ರಸ್ತೆಗೆ ಇಳಿದಿದ್ದೆ. ಮರ ಮುರಿಯುವಂಥ ಸದ್ದೊಂದು ಕೇಳಿತು. ತಿರುಗಿ ನೋಡಿದರೆ ಮುಂದಿನ ಮೂಲೆ ಇರಲಿಲ್ಲ. ಹಸಿ ಕಾಂಕ್ರೀಟು, ಕಬ್ಬಿಣ, ಹಲಗೆ ಎಲ್ಲ ಒಟ್ಟಾಗಿ ಕೆಳಗೆ ಕೂತಿದ್ದವು. ಮಿಕ್ಸರ್ ಮಾತ್ರ ತನ್ನ ಪಾಡಿಗೆ ತಿರುಗುತ್ತಿತ್ತು.

ಆ ಕುಸಿದ ರಾಶಿಯಲ್ಲಿ ಸೊಂಟದವರೆಗೆ ಸಿಕ್ಕಿಕೊಂಡವಳು, ಮೇಲೆ ನಿಂತು ಕಾಂಕ್ರೀಟು ಹಾಕುತ್ತಿದ್ದ ಗಿರಿಜ. ಬಾಳೂರು ಕಡೆಯ ತೋಟದ ಕೂಲಿ ಲೈನಿನ ಮನೆಯವಳು, ಮೂವತ್ತು ದಾಟಿರಬಹುದು. ಹಾಕಿದ ದುಡ್ಡೇ ಹುಟ್ಟುವುದಿಲ್ಲವೆಂದು ತೋಟದಲ್ಲಿ ಕೆಲಸ ಕಡಿಮೆ ಮಾಡಿದ್ದರಿಂದ ಗಂಡ ಹೆಂಡತಿ ಊರಿನ ಗಾರೆ ಕೆಲಸಕ್ಕೆ ಬಂದಿದ್ದರು. ಜನ ಕೈಯಲ್ಲೇ ಕಾಂಕ್ರೀಟು ಬಗೆದು ಅವಳನ್ನು ಎಳೆದರು. ಅವಳು ಕೂಗಲಿಲ್ಲ. "ಕಾಲು ಎಲ್ಲಿದೆ ನೋಡಿ" ಎಂದಷ್ಟೇ ಗಂಡನಿಗೆ ಹೇಳುತ್ತಿದ್ದಳು.

ಗೂಡ್ಸ್ ಆಟೋದಲ್ಲಿ ಹಲಗೆಯ ಮೇಲೆ ಮಲಗಿಸಿ ಜಿಲ್ಲಾಸ್ಪತ್ರೆಗೆ ಒಯ್ದೆವು. ತೊಡೆಯ ಮೂಳೆ, ಸೊಂಟದ ಮೂಳೆ ಎರಡೂ ಮುರಿದಿವೆ, ಮಂಗಳೂರಿಗೆ ಕರೆದೊಯ್ಯಿರಿ ಎಂದರು. ಆ ಸಂಜೆಯೇ ಹೊರಟು ಚಾರ್ಮಾಡಿ ಘಾಟಿ ಇಳಿಯುವಾಗ ಪ್ರತಿ ತಿರುವಿಗೂ ಅವಳು ನನ್ನ ಸೆರಗು ಹಿಡಿದುಕೊಳ್ಳುತ್ತಿದ್ದಳು, ತಿರುವು ದಾಟಿದ ಮೇಲೆ ಬಿಡುತ್ತಿದ್ದಳು. ತೊಡೆಗೆ ರಾಡು ಹಾಕಿದರು. ಗಾರೆ ಕೆಲಸಕ್ಕೆಂದು ಇಟ್ಟಿದ್ದ ಹಣವೆಲ್ಲ ಆಸ್ಪತ್ರೆಗೆ ಹೋಯಿತು. ಹಿಂತಿರುಗಿ ಬಂದಾಗ ಮೇಸ್ತ್ರಿ ಊರಿನಲ್ಲಿರಲಿಲ್ಲ. ಅವನ ಬಾಡಿಗೆ ಮನೆಗೆ ಬೀಗ. ತಮಿಳುನಾಡಿಗೆ ಹೋದ ಎಂದರು ಒಬ್ಬರು, ಶಿವಮೊಗ್ಗದಲ್ಲಿ ಕಂಡೆ ಎಂದರು ಇನ್ನೊಬ್ಬರು. ಅವನನ್ನು ನಾನು ಮತ್ತೆ ನೋಡಲಿಲ್ಲ.

ಕಂಬಗಳು ಮುರಿದಿರಲಿಲ್ಲ. ಕೆಳಗೆ ಹಲಗೆ ಕೊಡದೆ ಬರಿ ಮಣ್ಣಿನ ಮೇಲೆ ನಿಲ್ಲಿಸಿದ್ದರಿಂದ ಭಾರಕ್ಕೆ ಗೂಟದ ಹಾಗೆ ನೆಲಕ್ಕೆ ಇಳಿದಿದ್ದವು. ಎಂಜಿನಿಯರ್ ಬಂದು ನೋಡಿದರು. ಹಿಂದಿನ ಮನೆಯ ತಾರಸಿ ಗಟ್ಟಿಯಾಗಿದೆ, ಮುಂದಿನದನ್ನು ಪೂರ್ತಿ ಒಡೆದು ಹಾಕಬೇಕು ಎಂದರು. ಬ್ಯಾಂಕ್ ಮ್ಯಾನೇಜರು ಒಳ್ಳೆಯವರೇ. ಆದರೆ ಅವರ ಮಾತೂ ಬೇರೆ ಇರಲು ಸಾಧ್ಯವಿರಲಿಲ್ಲ.

"ತಾರಸಿ ಆದ್ಮೇಲೆ ಎರಡನೇ ಕಂತು ಅಂತ ಕರಾರು. ಅರ್ಧ ತಾರಸಿಗೆ ಅರ್ಧ ಕಂತು ಅಂತ ನಮ್ಮಲ್ಲಿ ಇಲ್ಲ ಮೇಡಂ. ಕೊಟ್ಟಿರೋ ಕಂತಿನ ಬಡ್ಡಿ ಮಾತ್ರ ತಪ್ಪಿಸಬೇಡಿ."

ಮಳೆ ಹಿಡಿಯಿತು. ಕುಸಿದ ಕಾಂಕ್ರೀಟು ಕುಸಿದಲ್ಲೇ ಕಲ್ಲಾಯಿತು. ಕೆಲಸ ಮುಗಿಸಿ ಮನೆಗೆ ಹೋಗುವಾಗ ಆ ದಾರಿ ಬಿಟ್ಟು ಸುತ್ತು ಹಾಕಿ ಹೋಗುತ್ತಿದ್ದೆ.

ಶ್ರಾವಣ ಕಳೆಯುವ ಹೊತ್ತಿಗೆ ಲೇಬರ್ ಆಫೀಸಿನಿಂದ ನೋಟಿಸು ಬಂತು. ತೋಟದ ಕಾರ್ಮಿಕರ ಯೂನಿಯನ್ನಿನವರು ಗಿರಿಜಳ ಪರವಾಗಿ ಪರಿಹಾರದ ಅರ್ಜಿ ಹಾಕಿಸಿದ್ದರು. ಮೊದಲನೇ ಎದುರುದಾರ ಮೇಸ್ತ್ರಿ, ಎರಡನೆಯವಳು ನಾನು. ಅವನಿಗೆ ಕಳಿಸಿದ ನೋಟಿಸು ವಿಳಾಸದಲ್ಲಿ ಇಲ್ಲವೆಂದು ಮರಳಿತ್ತು. ಉಳಿದವಳು ನಾನೊಬ್ಬಳೇ.

ಕೆಲಸಗಾರರ ಪರಿಹಾರದ ಈ ಕಾಯಿದೆ ನನಗೆ ಹೊಸದಲ್ಲ. ಕ್ಯೂರಿಂಗ್ ವರ್ಕ್ಸ್‌ನಲ್ಲಿ ಯಂತ್ರಕ್ಕೆ ಕೈ ಕೊಟ್ಟವರ, ಮೂಟೆ ಬಿದ್ದು ಬೆನ್ನು ನೊಂದವರ ಅಪಘಾತ ವರದಿಗಳನ್ನು ನಾನೇ ಎಷ್ಟೋ ಸಲ ತುಂಬಿ ಕಳಿಸಿದ್ದೆ. ಕೂಲಿಯ ಇಷ್ಟು ಪಾಲು, ವಯಸ್ಸಿಗೆ ತಕ್ಕ ಗುಣಕ, ದುಡಿಯುವ ಶಕ್ತಿ ಎಷ್ಟು ಹೋಗಿದೆಯೆಂದು ಡಾಕ್ಟರು ಬರೆದ ಶೇಕಡಾ, ಈ ಮೂರನ್ನು ಗುಣಿಸಿದರೆ ಪರಿಹಾರ. ಕಂಪನಿಗೆ ಗುಣಿಸಿ ಕೊಟ್ಟ ಕೈಯಲ್ಲೇ ನನಗೆ ನಾನು ಗುಣಿಸಿಕೊಂಡೆ. ಸೈಟು ಕೊಂಡ ಬೆಲೆಯ ಹತ್ತಿರ ಬಂತು.

ಲಾಯರನ್ನು ಹಿಡಿದೆವು. ಊರಿನಲ್ಲಿ ಹೆಸರಿದ್ದವರು. ಎಲ್ಲ ಕೇಳಿದ ಮೇಲೆ ಅವರ ಮುಖ ಗೆಲುವಾಯಿತು.

"ಗುತ್ತಿಗೆದಾರನ ಆಳಿಗೆ ಮಾಲೀಕ ಪರಿಹಾರ ಕೊಡಬೇಕಾದ್ರೆ ಆ ಕೆಲಸ ಮಾಲೀಕನ ವ್ಯಾಪಾರಕ್ಕೆ ಸೇರಿದ್ದಾಗಿರಬೇಕು. ನಿಮ್ಮದು ವ್ಯಾಪಾರಾನಾ? ನೀವು ಸಂಬಳದವರು. ಇನ್‌ಕಂ ಟ್ಯಾಕ್ಸ್‌ನವರೂ ಬಾಡಿಗೆನ ವ್ಯಾಪಾರ ಅನ್ನಲ್ಲ, ಮನೆ ಆಸ್ತಿಯ ಆದಾಯ ಅಂತಾರೆ. ಸ್ವಂತ ವಾಸಕ್ಕೆ ಕಟ್ಟಿಸ್ತಿದ್ವಿ ಅಂತ ಹೇಳಿಬಿಡಿ. ಕೇಸು ಅಲ್ಲಿಗೆ ಮುಗೀತು."

"ಬ್ಯಾಂಕಿನ ಅರ್ಜಿಯಲ್ಲಿ ಬಾಡಿಗೆಗೆ ಅಂತ ಬರೆದಿದೀವಿ ಸಾರ್" ಎಂದೆ.

"ಬ್ಯಾಂಕಿನ ಅರ್ಜಿ ಇಲ್ಲಿಗೆ ಯಾರು ತರ್ತಾರೆ? ಕೂಲಿ ಕೊಡ್ತಿದ್ದಿದ್ದು ಮೇಸ್ತ್ರಿ ತಾನೆ?"

ಮೇಸ್ತ್ರಿಗೆ ಚದರಡಿಯ ಲೆಕ್ಕದಲ್ಲಿ ಗುತ್ತಿಗೆ ಕೊಟ್ಟಿದ್ದು ನಿಜ. ಆದರೆ ಅವನು ಆಳುಗಳ ದುಡ್ಡು ಹಿಡಿದಿಟ್ಟುಕೊಳ್ಳುತ್ತಾನೆಂದು ಗೊತ್ತಾದ ಮೇಲೆ ಶನಿವಾರ ಶನಿವಾರ ನಾನೇ ನಿಂತು ಒಬ್ಬೊಬ್ಬರ ಕೈಗೆ ಕೂಲಿ ಕೊಟ್ಟು, ಅವನ ಬಿಲ್ಲಿನಲ್ಲಿ ಮುರಿದುಕೊಳ್ಳುತ್ತಿದ್ದೆ. ಸಂತೆಯ ಹೊತ್ತಿಗೆ ಅವರ ಕೈಯಲ್ಲಿ ಕಾಸಿರಲಿ ಎಂದು ಮಾಡಿದ್ದು. ಅದನ್ನು ಹೇಳಿದಾಗ ಲಾಯರು ಕನ್ನಡಕ ತೆಗೆದರು.

"ಅದನ್ನ ಇನ್ನು ಯಾರ ಹತ್ರಾನೂ ಹೇಳಬೇಡಿ. ಹೇಳಿದ್ರೆ ವ್ಯಾಪಾರ ಅಲ್ಲ, ಗುತ್ತಿಗೆ ಕೊಟ್ಟಿದ್ದು ಅಂತ ವಾದಿಸೋಕೆ ಏನೂ ಉಳಿಯಲ್ಲ. ನೀವೇ ಸೀದಾ ಕೆಲಸ ಕೊಟ್ಟವರಾಗ್ತೀರಿ."

ನೋಟಿಸಿಗೆ ನಮ್ಮ ಉತ್ತರ, ತಕರಾರು ಅರ್ಜಿ, ಟೈಪಾಗಿ ಬಂತು. ಸ್ವಂತ ವಾಸದ ಮನೆ; ಆಕೆ ಯಾರೆಂದು ನಮಗೆ ತಿಳಿಯದು; ಕೂಲಿ ಕೊಟ್ಟವರು ನಾವಲ್ಲ. ಯಜಮಾನರು "ಹಾಕು" ಎಂದರು. ಸಹಿ ಹಾಕಿದೆ.

ಅದೇ ವಾರ ಕ್ಯೂರಿಂಗ್ ವರ್ಕ್ಸ್‌ನಲ್ಲಿ ಮುಂದಿನ ಸೀಸನ್ನಿಗೆ ಬೇಡವಾದವರ ಪಟ್ಟಿ ಮಾಡಲು ಹೇಳಿದರು. ತೋಟಗಳಿಂದ ಬರುವ, ಹೊಟ್ಟು ಬಿಡಿಸದ ಪಾರ್ಚ್‌ಮೆಂಟ್ ಕಾಫಿಯ ಮೂಟೆಗಳೇ ಕಡಿಮೆಯಾಗಿದ್ದವು. ಬೀಜ ಆರಿಸುವ ಹೆಂಗಸರ ಹೆಸರು ಬರೆದು ಮುಗಿಸಿದ ಮೇಲೆ, ಆಫೀಸಿನವರೂ ತಾವಾಗಿಯೇ ಬಿಡುವುದಾದರೆ ಒಂದು ಮೊತ್ತ ಕೊಡುತ್ತೇವೆ, ಯೋಚಿಸಿ ಎಂದು ಮ್ಯಾನೇಜರು ನನ್ನನ್ನು ನೋಡದೆ ಹೇಳಿದರು.

ನನಗೆ ರಾತ್ರಿ ನಿದ್ದೆ ಬಾರದಾಯಿತು. ಕೇಸು ಸೋತರೆ ಪರಿಹಾರ ಕಟ್ಟಬೇಕು, ಕಟ್ಟದಿದ್ದರೆ ಭೂಕಂದಾಯದ ಬಾಕಿಯಂತೆ ಸೈಟಿಗೆ ಜಪ್ತಿ. ಸೈಟು ಬ್ಯಾಂಕಿನಲ್ಲಿ ಅಡವು. ಕೆಲಸ ಹೋದರೆ ಬಡ್ಡಿಯೂ ಇಲ್ಲ. ಯಾವ ಕಡೆಯಿಂದ ಯೋಚಿಸಿದರೂ ಬಂದು ನಿಲ್ಲುವುದು ಅದೇ ಗೋಡೆಗೆ. ಹೊರಗೇ ರಾಜಿ ಮಾಡಿಕೊಂಡರೆ ಹೇಗೆ ಎಂದು ತೋಚಿದ್ದು ಆಗ. ಯಾರಿಗೂ ಹೇಳದೆ ಒಂದು ಭಾನುವಾರ ಮೂಡಿಗೆರೆ ಬಸ್ಸು ಹತ್ತಿದೆ. ಅಲ್ಲಿಂದ ಇನ್ನೊಂದು ಬಸ್ಸು, ಕೊನೆಗೆ ಜೀಪಿನ ಹಿಂದೆ ಗೊಬ್ಬರದ ಚೀಲಗಳ ಜೊತೆ ಕುಳಿತು ಬಾಳೂರಿನ ಆ ತೋಟದ ಲೈನಿಗೆ ಹೋದೆ.

ಗಿರಿಜಳ ಗಂಡ ಜಗಲಿಯಲ್ಲಿ ಕತ್ತಿ ಮಸೆಯುತ್ತಿದ್ದ. ಎದ್ದು ಚಾಪೆ ಹಾಕಿದ.

"ಹೇಗಿದ್ದಾಳೆ?" ಎಂದೆ.

"ಕೋಲು ಹಿಡಿದು ಬಚ್ಚಲಿಗೆ ಹೋಗ್ತಾಳೆ. ಕುಕ್ಕರಗಾಲಲ್ಲಿ ಕೂರ್ಲಿಕ್ಕೆ ಆಗೂದಿಲ್ಲ. ಒಲೆ ಕೆಲಸ ಎಲ್ಲ ನಂದೇ."

ಮನಸ್ಸಿನಲ್ಲಿ ಜೋಡಿಸಿಕೊಂಡು ಬಂದಿದ್ದನ್ನು ಹೇಳಿದೆ. ಮೇಸ್ತ್ರಿ ಓಡಿಹೋಗಿದ್ದಾನೆ, ನನ್ನ ಕೆಲಸವೂ ಹೋಗುವಂತಿದೆ, ಕೇಸು ಎಷ್ಟು ವರ್ಷ ಎಳೆಯುತ್ತದೋ ಯಾರಿಗೆ ಗೊತ್ತು, ಈಗಲೇ ಇಷ್ಟು ಕೊಡುತ್ತೇನೆ, ಅರ್ಜಿ ವಾಪಸು ತೆಗೆದುಕೊಳ್ಳಿ. ನಾನು ಹೇಳಿದ ಮೊತ್ತ ನಾನು ಗುಣಿಸಿದ್ದರ ಆರನೇ ಒಂದು ಪಾಲೂ ಇರಲಿಲ್ಲ. ಕೊಡಲು ನನ್ನ ಹತ್ತಿರ ಇದ್ದದ್ದು ಅಷ್ಟೇ.

ಅವನು ಕತ್ತಿಯ ಅಲಗನ್ನು ಹೆಬ್ಬೆರಳಿನಿಂದ ಒರೆಸಿದ. "ಆಸ್ಪತ್ರೆಗೆ ನೀವು ಮಾಡಿದ್ದು ನಾವು ಮರೆಯೂದಿಲ್ಲ ಅಮ್ಮ. ಆದ್ರೆ ಯೂನಿಯನ್ನವ್ರು ಹೇಳಿದ್ದಾರೆ, ಹೊರಗೆ ಎಂತದೂ ತಗೊಳ್ಬೇಡಿ ಅಂತ. ಅವಳು ಇನ್ನು ಬುಟ್ಟಿ ಕಟ್ಟಿ ಹಣ್ಣು ಕುಯ್ಯೂ ಹಾಗಿಲ್ಲ. ಒಂದು ಸಲ ತಗೊಂಡು ತಿಂದು ಮುಗಿದ ಮೇಲೆ ನಾವು ಯಾರನ್ನ ಕೇಳೂದು?"

"ಗಿರಿಜನ್ನ ಒಂದ್ಸಲ ಕರೀತೀಯಾ? ನಾನೇ ಮಾತಾಡ್ತೀನಿ."

ಅವನು ಒಳಗೆ ಹೋಗಿ ಬಂದ. "ಮಲಗಿದ್ದಾಳೆ" ಎಂದ. ಒಳಗೆ ಪಾತ್ರೆ ಸರಿಸಿದ ಸದ್ದು ನನಗೆ ಕೇಳಿಸಿತ್ತು. ಜೀಪು ಹೊರಡುವವರೆಗೂ ಅಲ್ಲೇ ಕುಳಿತಿದ್ದೆ. ಅವಳು ಬರಲಿಲ್ಲ. ಹಿಂತಿರುಗುವಾಗ ನನಗೆ ಬಂದ ಕೋಪ ಎಂಥದ್ದೆಂದರೆ, ಘಾಟಿಯಲ್ಲಿ ಅವಳ ತಲೆ ನನ್ನ ತೊಡೆಯ ಮೇಲಿತ್ತೆಂಬುದೇ ಮರೆತುಹೋಗಿತ್ತು.

ದಸರಾ ಕಳೆದ ಮೇಲೆ ವಿಚಾರಣೆ ಶುರುವಾಯಿತು. ಲೇಬರ್ ಆಫೀಸರ ಕೋಣೆಯೇ ಕೋರ್ಟು. ಉದ್ದ ಮೇಜು, ಒಂದು ಬದಿಗೆ ಟೈಪಿಸ್ಟು, ಎದುರಿಗೆ ನಾವು. ಗಿರಿಜ ಗೋಡೆ ಹಿಡಿದುಕೊಂಡು ಬಂದಳು. ಕುರ್ಚಿ ಕೊಟ್ಟರೆ ಅಂಚಿನ ಮೇಲೆ ಒಂದು ಬದಿಗೆ ಕೂತು, ಒಂದು ಕಾಲು ನೀಡಿಕೊಂಡಳು. ಕೂಲಿ ಕೊಡುತ್ತಿದ್ದವರು ಯಾರು ಎಂದು ಕೇಳಿದಾಗ ನನ್ನ ಕಡೆ ಕೈ ತೋರಿಸಿ "ಅಮ್ಮ" ಎಂದಳು. ಅದು ಸುಳ್ಳು ಎಂದು ನಮ್ಮ ಲಾಯರು ಬರೆಸಿದರು. ಮುಂದಿನ ಪ್ರಶ್ನೆ ಅವರು ನನಗೆ ಮೊದಲೇ ಹೇಳಿದ್ದಲ್ಲ.

"ಅವತ್ತು ನೀನು ಕುಡಿದು ಕೆಲಸಕ್ಕೆ ಬಂದಿದ್ದೆ. ಹೌದಾ?"

ಅವಳಿಗೆ ಅರ್ಥವಾಗಲಿಲ್ಲವೆಂದು ಆಫೀಸರು ತಾವೇ ಮೆಲ್ಲಗೆ ಇನ್ನೊಮ್ಮೆ ಕೇಳಿದರು.

"ಇಲ್ಲ ಸಾರ್. ನಂಗೆ ಅದು ರೂಢಿ ಇಲ್ಲ."

"ಕುಡಿದ ಅಮಲಿನಲ್ಲಿ ಆಯ ತಪ್ಪಿ ನೀನೇ ಬಿದ್ದೆ" ಎಂದರು ಲಾಯರು.

"ನಾ ಬೀಳ್ಲಿಲ್ಲ ಸಾರ್" ಎಂದಳು ಗಿರಿಜ. "ನಾ ನಿಂತೇ ಇದ್ದೆ. ಕೆಳಗಿದ್ದದ್ದು ಬಿತ್ತು."

ಟೈಪಿಸ್ಟು ಬೆರಳು ನಿಲ್ಲಿಸಿ ಆಫೀಸರ ಮುಖ ನೋಡಿದ. ಅವರು ಅದನ್ನು ಹಾಗೆಯೇ ಬರೆದುಕೊಳ್ಳಲು ಹೇಳಿದರು.

ಹೊರಗೆ ಬಂದು ನಾನು ಲಾಯರನ್ನು ಕೇಳಿದೆ. "ಅವಳು ಕುಡಿದಿದ್ಲು ಅಂತ ನಾನು ನಿಮಗೆ ಯಾವತ್ತೂ ಹೇಳ್ಲಿಲ್ಲವಲ್ಲ ಸಾರ್?"

"ಅದು ಮಾಮೂಲಿ ಪ್ರಶ್ನೆ ಮೇಡಂ. ಕುಡಿದಿದ್ದು ಸಾಬೀತಾದ್ರೆ ಪರಿಹಾರ ಬರಲ್ಲ ಅಂತ ಕಾಯಿದೆಯಲ್ಲೇ ಇದೆ. ಅದಕ್ಕೆ ಎಲ್ಲ ಕೇಸಲ್ಲೂ ಕೇಳ್ತೀವಿ. ಮುಂದಿನ ಸಲ ನಿಮ್ಮ ಸಾಕ್ಷಿ ಇದೆ. ವಾಸನೆ ಬರ್ತಿತ್ತು ಅಂತ ಒಂದು ಮಾತು ಹೇಳಿಬಿಡಿ, ಸಾಕು."

ಮುಂದಿನ ತಾರೀಕಿನವರೆಗೆ ಮನೆಯಲ್ಲಿ ಬೇರೆ ಮಾತಿರಲಿಲ್ಲ. ಯಜಮಾನರು ಕೆಟ್ಟವರಲ್ಲ. ಇನ್‌ಸ್ಟಿಟ್ಯೂಟಿನ ಬಾಡಿಗೆಯೇ ಹುಟ್ಟದೆ ಮೂರು ಮೆಷಿನ್ ಮಾರಿದ್ದರು.

"ನಿಜ ಹೇಳಿದ್ರೆ ದುಡ್ಡು ಎಲ್ಲಿಂದ ತರ್ತೀಯ?" ಎಂದರು.

"ಗೊತ್ತಿಲ್ಲ ರೀ."

"ಗೊತ್ತಿಲ್ಲದೆ ಹೇಳ್ತೀಯಾ?"

"ವಾಸನೆ ಬರ್ತಿತ್ತು ಅಂತ ನೀವು ಹೇಳ್ತೀರಾ? ಅವತ್ತು ನೀವೂ ಸೈಟಿನಲ್ಲಿದ್ರಲ್ಲ. ನನ್ನ ಬದಲು ನೀವೇ ಬಂದು ಹೇಳಿ."

ಅವರು ಎದ್ದು ಹೊರಗೆ ಹೋದರು. ತುಂಬ ಹೊತ್ತಿನ ಮೇಲೆ ಬಂದು, ಊಟಕ್ಕೆ ಹಾಕು ಎಂದರು. ಆ ವಿಷಯ ಮತ್ತೆ ಎತ್ತಲಿಲ್ಲ.

ನನ್ನ ಸಾಕ್ಷಿಯ ದಿನ ಆಫೀಸರು ಕೇಳಿದ ಮೊದಲ ಪ್ರಶ್ನೆ, ಕಟ್ಟಡ ಯಾತಕ್ಕೆ ಎಂಬುದು.

"ಬಾಡಿಗೆಗೆ ಸಾರ್."

ಲಾಯರು ತಲೆಯೆತ್ತಿದರು.

"ಆಳುಗಳಿಗೆ ಕೂಲಿ ಕೊಡ್ತಿದ್ದವರು?"

"ನಾನೇ. ಪ್ರತಿ ಶನಿವಾರ."

"ನಿಮ್ಮ ತಕರಾರಿನಲ್ಲಿ ಬೇರೆ ಥರ ಇದೆಯಲ್ಲಮ್ಮ?"

"ಇದೆ ಸಾರ್. ಈಗ ಹೇಳ್ತಿರೋದು ನಿಜ. ಅವಳು ಕುಡಿದಿರಲಿಲ್ಲ. ಬೆಳಿಗ್ಗೆ ಕಾಫಿ ಕೊಟ್ಟವಳೇ ನಾನು."

ಆಫೀಸರು ಪೆನ್ನು ಕೆಳಗಿಟ್ಟರು. "ನಿಮ್ಮ ಕಕ್ಷಿದಾರರ ಹತ್ರ ಹೊರಗೆ ಹೋಗಿ ಒಂದ್ನಿಮಿಷ ಮಾತಾಡ್ತೀರಾ?" ಎಂದು ಲಾಯರನ್ನು ಕೇಳಿದರು. ಬೇಡ ಎಂದೆ. ಟೈಪಾದ ಹೇಳಿಕೆಯನ್ನು ಓದಿ ಸಹಿ ಹಾಕಿದೆ. ಲಾಯರು ಮೆಟ್ಟಿಲಿಳಿಯುವಾಗ, "ನಿಮ್ಮ ಮನೆ ನೀವೇ ಕೆಡವಿಕೊಂಡ್ರಿ" ಎಂದು ಹೇಳಿ ಮುಂದೆ ನಡೆದರು. ಅವರು ಹೇಳಿದ್ದರಲ್ಲಿ ತಪ್ಪೇನೂ ನನಗೆ ಕಾಣಲಿಲ್ಲ.

ಆದೇಶ ಬಂತು. ಒಪ್ಪಿಕೊಂಡಿದ್ದರಿಂದ ದಂಡ ಹಾಕಲಿಲ್ಲ, ಬಡ್ಡಿ ಹಾಕಿದರು. ಆಸ್ಪತ್ರೆಗೆ ಕಟ್ಟಿದ್ದನ್ನು ಪರಿಹಾರದಲ್ಲಿ ಮುರಿದುಕೊಳ್ಳುವ ಹಾಗಿಲ್ಲ. ಅದು ಕಾಯಿದೆ, ನನಗೂ ಗೊತ್ತಿತ್ತು. ಒಂದು ತಿಂಗಳೊಳಗೆ ಠೇವಣಿ ಇಡಬೇಕು.

ಅರೆಬರೆ ಕಟ್ಟಡವನ್ನು ಮಾರಲು ನೋಡಿದೆವು. ತೋಟದವರ ಕೈಯಲ್ಲೇ ದುಡ್ಡಿಲ್ಲದ ವರ್ಷ, ಊರಿನಲ್ಲಿ ಕೊಳ್ಳುವವರು ಯಾರು? ಒಬ್ಬ ವ್ಯಾಪಾರಿ ಬಂದು ಕುಸಿದ ಮೂಲೆಯನ್ನು ಎರಡು ಸಲ ಸುತ್ತಿ, "ಜಾಗ ಸರಿಯಿಲ್ಲ" ಎಂದು ಸೈಟಿನ ಬೆಲೆಯಲ್ಲಿ ಅರ್ಧ ಹೇಳಿದ. ಅದು ಬ್ಯಾಂಕಿನ ಸಾಲಕ್ಕೇ ಸಾಲುತ್ತಿರಲಿಲ್ಲ. ಗಡುವಿನಲ್ಲಿ ಅರ್ಧ ತಿಂಗಳು ಹೀಗೇ ಹೋಯಿತು. ಆ ದಿನಗಳಲ್ಲಿ ಅನ್ನ ಬೇಯಲಿಟ್ಟು ಒಲೆಯ ಮುಂದೆಯೇ ನಿಂತಿದ್ದರೂ ಸೀದ ವಾಸನೆ ಮೂಗಿಗೆ ಹತ್ತುತ್ತಿರಲಿಲ್ಲ.

ಭೋಗ್ಯದ ಮಾತು ಎತ್ತಿದವರು ಯಜಮಾನರು. ತಿಂಗಳ ಬಾಡಿಗೆ ಬಿಟ್ಟು ಒಂದೇ ಸಲ ದೊಡ್ಡ ಮೊತ್ತ ಪಡೆದು, ಅವಧಿ ಮುಗಿದ ಮೇಲೆ ಅಷ್ಟನ್ನೂ ಹಿಂದಿರುಗಿಸುವುದು. ಹಿಂದಿನ ಮನೆಗೆ ತಾರಸಿಯಾದರೂ ಇತ್ತು. ಹೇಳಿ ಕೇಳಿ ಒಬ್ಬರು ನೋಡಲು ಬಂದರು. ಅತ್ತಿಗುಂಡಿ ಕಡೆಯ ಎಸ್ಟೇಟೊಂದರಲ್ಲಿ ಹಾಜರಿ, ಲೆಕ್ಕ ಬರೆಯುವ ರೈಟರ್ ಆಗಿದ್ದು ನಿವೃತ್ತರಾದವರು. ಎಸ್ಟೇಟು ಕೈ ಬದಲಾಗುತ್ತಿತ್ತು, ಕ್ವಾರ್ಟರ್ಸ್ ಬಿಡಬೇಕಿತ್ತು. ಗ್ರಾಚ್ಯುಟಿಯ ಹಣ ಬ್ಯಾಂಕಿನಲ್ಲಿತ್ತು. ಗೋಡೆಗಳನ್ನು ಕೊಡೆಯ ತುದಿಯಿಂದ ತಟ್ಟುತ್ತ ಒಳಗೆಲ್ಲ ತಿರುಗಾಡಿದರು.

"ಬಾಗಿಲಿಲ್ಲ, ಕಿಟಕಿ ಇಲ್ಲ, ಕರೆಂಟಿಲ್ಲ. ಇದಕ್ಕೆ ಭೋಗ್ಯ ಕೇಳ್ತೀರಲ್ಲ ಮಾರಾಯ್ರೆ."

ಇದ್ದದ್ದನ್ನೆಲ್ಲ ಹೇಳಿದೆ. ಮುಂದಿನ ಮನೆ ಬಿದ್ದಿದ್ದು, ಗಿರಿಜ, ಆದೇಶ, ಅಡವು. ಹಣ ಸೀದಾ ಲೇಬರ್ ಆಫೀಸಿಗೆ ಹೋಗುತ್ತದೆ, ಬಾಗಿಲಿಗೆ ಉಳಿಯುವುದಿಲ್ಲ ಎಂದೂ ಹೇಳಿದೆ. ಅವರು ತಾರಸಿಯನ್ನು ನೋಡುತ್ತ ನಿಂತರು.

"ಇದು ಬೀಳೂದಿಲ್ಲ ತಾನೆ?"

"ಎಂಜಿನಿಯರ್ ಬರೆದುಕೊಟ್ಟಿದಾರೆ. ಬೇಕಾದ್ರೆ ನಿಮ್ಮ ಕಡೆಯವರನ್ನೂ ಕರೆಸಿ ತೋರಿಸಿ."

"ಮೂವತ್ತು ವರ್ಷ ಬಾಗಿಲು, ಕಿಟಕಿ ಎಲ್ಲ ಇರೋ ಮನೇಲಿ ಇದ್ದೆ" ಎಂದರು. "ಈಗ ತಿಂಗಳೊಳಗೆ ಖಾಲಿ ಮಾಡಿ ಅಂತ ಚೀಟಿ ಕಳಿಸಿದ್ದಾರೆ. ನಿಮ್ಮ ಗಡುವೂ ನನ್ನ ಗಡುವೂ ಒಂದೇ ಆಯ್ತು ನೋಡಿ. ಪತ್ರ ಮಾತ್ರ ರಿಜಿಸ್ಟರ್ ಆಗ್ಬೇಕು."

ಅಡವಿನ ಆಸ್ತಿಯಾದ್ದರಿಂದ ಬ್ಯಾಂಕಿನ ಒಪ್ಪಿಗೆ ಬೇಕಿತ್ತು. ಮುಂದಿನ ಮನೆಯ ಬಾಡಿಗೆ ಸೀದಾ ಸಾಲದ ಖಾತೆಗೆ ಬರಬೇಕೆಂಬ ಕರಾರಿನ ಮೇಲೆ ಮ್ಯಾನೇಜರು ಪತ್ರ ಕೊಟ್ಟರು.

"ಮುಂದಿನ ಮನೆ ಇನ್ನೂ ಇಲ್ವಲ್ಲ ಸಾರ್" ಎಂದೆ.

"ಕಟ್ಟಿ" ಎಂದರು.

ಪತ್ರ ರಿಜಿಸ್ಟರಾದ ದಿನವೇ ಹಣ ಠೇವಣಿ ಇಟ್ಟೆವು. ರಸೀದಿ ಕೈಗೆ ಬಂದಾಗ ಸಮಾಧಾನವಾಗುತ್ತದೆಂದುಕೊಂಡಿದ್ದೆ. ಆಗಲಿಲ್ಲ; ಲೇಬರ್ ಆಫೀಸಿನ ಮೆಟ್ಟಿಲ ಮೇಲೆಯೇ ನಿಂತು ಅದರ ಮೊತ್ತವನ್ನು ಮತ್ತೆ ಮತ್ತೆ ಓದಿಕೊಂಡೆ.

ಮರುವಾರ ಕ್ಯೂರಿಂಗ್ ವರ್ಕ್ಸ್ ಬಿಟ್ಟೆ. ಬಿಟ್ಟವರಿಗೆ ಕೊಡುವ ಮೊತ್ತದಲ್ಲಿ ಒಡೆದು ತೆಗೆಯುವ ಕೂಲಿ, ಕಬ್ಬಿಣ, ಸಿಮೆಂಟು ಬರುತ್ತಿತ್ತು. ಸಂಬಳ ಕೊಟ್ಟು ತಾರಸಿ ಕೊಂಡ ಹಾಗಾಯಿತು. ಜನವರಿಯ ಒಣಹವೆಯಲ್ಲಿ, ಪ್ರತಿ ಕಂಬದ ಕೆಳಗೂ ಹಲಗೆ ಕೊಡಿಸಿ, ಆಳುಗಳಿಗೆ ವಿಮೆ ಮಾಡಿಸಿ ಮತ್ತೆ ಹಾಕಿಸಿದೆ. ವಿಮೆಯವನು, ಎರಡು ಮನೆಯ ಕೆಲಸಕ್ಕೆ ಯಾರೂ ಇದನ್ನು ಕೇಳಿ ಬಂದದ್ದಿಲ್ಲ ಎಂದು ಎರಡು ಸಲ ನನ್ನ ಅರ್ಜಿ ನೋಡಿದ. ಎರಡನೇ ಕಂತು ಬಂತು. ಮುಂದಿನ ಮನೆಗೆ ಇಬ್ಬರು ನರ್ಸುಗಳು ಬಾಡಿಗೆಗೆ ಬಂದರು. ರೈಟರು ಅಷ್ಟರಲ್ಲಿ ಸಿಲ್ವರ್ ಓಕ್ ಹಲಗೆ ತರಿಸಿ ಹಿಂದಿನ ಮನೆಗೆ ತಾವೇ ಬಾಗಿಲು ಮಾಡಿಸಿಕೊಂಡಿದ್ದರು.

ಆ ವರ್ಷದ ಆದಾಯ ತೆರಿಗೆಯ ರಿಟರ್ನ್ ತುಂಬಲು ಕುಳಿತಾಗ ಇನ್ನೊಂದು ಪೆಟ್ಟು ಕಾದಿತ್ತು. ಬಾಡಿಗೆ ಆದಾಯದಲ್ಲಿ ಕಳೆಯಲು ಬರುವುದು ನಗರಸಭೆಯ ಕಂದಾಯ, ರಿಪೇರಿಯ ಹೆಸರಿನ ಒಂದು ಪಾಲು, ಸಾಲದ ಬಡ್ಡಿ. ಕೆಲಸದವರಿಗೆ ಕೊಟ್ಟ ಪರಿಹಾರಕ್ಕೆ ಅಲ್ಲಿ ಜಾಗವಿಲ್ಲ. ವ್ಯಾಪಾರವಾಗಿದ್ದರೆ ಖರ್ಚೆಂದು ತೋರಿಸಬಹುದಿತ್ತೇನೋ. ಭೋಗ್ಯದ ಮನೆಯಿಂದ ನನಗೆ ತಿಂಗಳಿಗೆ ಒಂದು ಕಾಸೂ ಬರದಿದ್ದರೂ, ನ್ಯಾಯವಾಗಿ ಎಷ್ಟು ಬಾಡಿಗೆ ಬರಬಹುದೋ ಅಷ್ಟನ್ನು ಆದಾಯವೆಂದೇ ಹಿಡಿಯಬೇಕು. ತುಂಬಿ ಕೊಟ್ಟೆ. ನನ್ನಂಥವರು ಊರಿನಲ್ಲಿ ಇನ್ನೂ ಇದ್ದರು, ಒಂದೆರಡು ಮನೆ ಕಟ್ಟಿ ಬಾಡಿಗೆಗೆ ಬಿಟ್ಟು ಈ ಲೆಕ್ಕವೆಲ್ಲ ಗೊತ್ತಿಲ್ಲದವರು. ಯಜಮಾನರ ಇನ್‌ಸ್ಟಿಟ್ಯೂಟಿನ ಮುಂದೆ ಒಂದು ಮೇಜು ಹಾಕಿಕೊಂಡು ಅವರ ರಿಟರ್ನ್, ಆಳುಗಳ ಹಾಜರಿ, ವಿಮೆ ಬರೆದುಕೊಡಲು ಶುರುಮಾಡಿದೆ. ಮೇಲಿನ ಎರಡು ಮನೆಗಳು ಏಳಲಿಲ್ಲ.

ಠೇವಣಿ ಇಟ್ಟಿದ್ದರೂ ಹಣ ಗಿರಿಜಳ ಕೈ ಸೇರಲು ಮುಂದಿನ ಮಳೆಗಾಲ ಹತ್ತಿರವಾಯಿತು. ಗುರುತಿಗೆ ಸಹಿ ಹಾಕಬೇಕೆಂದು ನನ್ನನ್ನೂ ಕರೆಸಿದ್ದರು. ದೊಡ್ಡ ಪಾಲನ್ನು ಅವಳ ಹೆಸರಿನಲ್ಲೇ ಬ್ಯಾಂಕಿನಲ್ಲಿ ಇರಿಸಿ ಉಳಿದದ್ದಕ್ಕೆ ಚೆಕ್ಕು ಕೊಟ್ಟರು. ಗಂಡ ಬಾಳೂರಿನ ಮೇಲೆ ಹೋಗುವ ಕಳಸದ ಬಸ್ಸು ನೋಡಲು ಓಡಿದ. ನಾವಿಬ್ಬರೇ ಬಸ್‌ಸ್ಟ್ಯಾಂಡಿನವರೆಗೆ ನಿಧಾನ ನಡೆದೆವು. ಅಲ್ಲಿಯ ಹೋಟೆಲಿನ ಕುರ್ಚಿಗಳು ತಗ್ಗಾಗಿದ್ದವು. ಅವಳು ಕಂಬಕ್ಕೆ ಒರಗಿ ನಿಂತೇ ಕಾಫಿ ತೆಗೆದುಕೊಂಡಳು. ನಾನೂ ನಿಂತೆ.

"ನಿಮ್ಗೆ ನನ್ನ ಮೇಲೆ ಸಿಟ್ಟಿತ್ತಾ ಅಮ್ಮ?" ಎಂದು ಕೇಳಿದಳು.

ಇಲ್ಲ ಎನ್ನಬಹುದಿತ್ತು. "ಇತ್ತು" ಎಂದೆ. "ಬಾಳೂರಿಗೆ ಬಂದಾಗ ತುಂಬಾ ಇತ್ತು."

"ನಂಗೂ ಇತ್ತು. ಅವತ್ತು ನಾ ಮಲಗಿರ್ಲಿಲ್ಲ. ನಿಮ್ಮನ್ನ ನೋಡಿದ್ರೆ ಹೂಂ ಅಂದುಬಿಡ್ತೇನೆ ಅಂತ ಒಳಗೇ ಕೂತಿದ್ದೆ."

"ಈಗ?"

ಅವಳು ಲೋಟದ ತಳದ ಸಕ್ಕರೆ ಅಲ್ಲಾಡಿಸಿ ಕುಡಿದಳು. "ಈಗ ಎಂತ ಅಮ್ಮ. ಬೆಳಿಗ್ಗೆ ಎದ್ದು ನಿಲ್ಲೂದೇ ಒಂದು ಕೆಲಸ. ಸಿಟ್ಟು ಮಾಡ್ಲಿಕ್ಕೆ ಪುರುಸೊತ್ತೆಲ್ಲಿ?"

ಗಂಡ ಬಂದು ಕರೆದ. ಅವನು ಹಿಂದಿನಿಂದ ಎತ್ತಿ ಹಿಡಿದ, ನಾನು ಕೋಲು ಹಿಡಿದುಕೊಂಡೆ. ಬಸ್ಸಿನ ಮೂರು ಮೆಟ್ಟಿಲು ಹತ್ತಲು ತುಂಬ ಹೊತ್ತಾಯಿತು. ಬಾಗಿಲ ಪಕ್ಕದ ಸೀಟಿನಲ್ಲಿ ಕೂತು ಒಂದು ಕಾಲನ್ನು ದಾರಿಗೆ ಅಡ್ಡವಾಗಿ ನೀಡಿಕೊಂಡಳು. ಕೋಲನ್ನು ಕಿಟಕಿಯಿಂದ ಕೊಟ್ಟೆ. ಬಸ್ಸು ತುಂಬುತ್ತಿತ್ತು.

"ಕಾಲು ಒಳಗೆ ತಗೊಳಮ್ಮ, ಜನ ಹತ್ಬೇಕು" ಎಂದ ಕಂಡಕ್ಟರ್.

"ಅದು ಮಡಚೂದಿಲ್ಲ ಅಣ್ಣ" ಎಂದಳು ಗಿರಿಜ.

ಕಂಡಕ್ಟರ್ ಕೆಳಗೆ ನೋಡಿದ. ಆಮೇಲೆ ಆ ಕಾಲನ್ನು ದಾಟಿಕೊಂಡು ಹಿಂದಿನವರಿಗೆ ಟಿಕೆಟ್ ಕೊಡಲು ಹೋದ.